13 ನಿಮಿಷದಲ್ಲಿ ಸೋತ ಯುಎಸ್‌ಎಸ್ ಹ್ಯಾಟರಸ್: ಇಂಥ ಹಡಗನ್ನು ಕಾವಲಿಗೆ ನಿಲ್ಲಿಸಿದ್ದು ಯಾಕೆ?

ದಡದಲ್ಲಿ ಕೂತವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳಿಗೆ ಹಾಕಿದ ದಿಗ್ಬಂಧನದ ಬಗ್ಗೆ ಸ್ವಲ್ಪ ದಿನದಿಂದ ಓದುತ್ತಿದ್ದೇನೆ. ಅದರಲ್ಲಿ ಯುಎಸ್‌ಎಸ್ ಹ್ಯಾಟರಸ್ ಅಂತ ಉತ್ತರದವರ ಒಂದು ಹಬೆಹಡಗಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಎಲ್ಲಿ ನೋಡಿದರೂ ಒಂದೇ ಸಾಲು: 1863ರ ಜನವರಿ 11ರ ಸಂಜೆ ದಕ್ಷಿಣದವರ ಯುದ್ಧನೌಕೆ ಸಿಎಸ್‌ಎಸ್ ಅಲಬಾಮಾ ಜೊತೆ ಕಾದಾಡಿ 13 ನಿಮಿಷದಲ್ಲಿ ಸೋತು, ಆಮೇಲೆ ಮುಳುಗಿತು. ಅಷ್ಟೇ. ಅದಕ್ಕಿಂತ ಮುಂಚೆ ಅದು ಏನು ಮಾಡುತ್ತಿತ್ತು, ಎಲ್ಲಿತ್ತು ಅಂತ ಯಾರೂ ಜಾಸ್ತಿ ಹೇಳುವುದಿಲ್ಲ.

ನನ್ನ ತಲೆ ಕೆಡಿಸಿದ್ದು ಇದು: ಎರಡೂ ಹಡಗು ಗಾತ್ರದಲ್ಲಿ ಹೆಚ್ಚುಕಮ್ಮಿ ಒಂದೇ. ಹ್ಯಾಟರಸ್ 1,126 ಟನ್, 210 ಅಡಿ ಉದ್ದ. ಅಲಬಾಮಾ 1,050 ಟನ್, 220 ಅಡಿ. ಅದಕ್ಕಿಂತ ಹೆಚ್ಚಾಗಿ ಹ್ಯಾಟರಸ್‌ನದ್ದು ಕಬ್ಬಿಣದ ಒಡಲು, ಅಲಬಾಮಾದ್ದು ಬರೀ ಮರ. ಕಬ್ಬಿಣದ ಹಡಗು ಮರದ ಹಡಗಿಗೆ ಹೀಗೆ ಸೋಲುವುದು ಹೇಗೆ? ಹ್ಯಾಟರಸ್‌ನ ಕ್ಯಾಪ್ಟನ್ ಬ್ಲೇಕ್ ಅಸಮರ್ಥನಾ, ಅಥವಾ ನೌಕಾಪಡೆ ಸುಮ್ನೆ ಕೈಗೆ ಸಿಕ್ಕ ಹಡಗನ್ನೆಲ್ಲ ಯುದ್ಧಕ್ಕೆ ಕಳಿಸಿತಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹಬೆ ಬಾಯ್ಲರ್

ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ: ಹೌದು, ಕೈಗೆ ಸಿಕ್ಕ ಹಡಗನ್ನೆಲ್ಲ ಕಳಿಸಿತು. ಆದರೆ ಅದನ್ನು ತಪ್ಪು ಅನ್ನೋಕೆ ಮುಂಚೆ ಆಗಿನ ಲೆಕ್ಕ ನೋಡಿ.

ಅಧ್ಯಕ್ಷ ಲಿಂಕನ್ ದಿಗ್ಬಂಧನ ಘೋಷಿಸಿದ್ದು 1861ರ ಏಪ್ರಿಲ್ 19ಕ್ಕೆ. ಕಾಯಬೇಕಾದ ಕರಾವಳಿ ಸುಮಾರು 3,500 ಮೈಲಿ. ಆಗ ನೌಕಾಪಡೆಯಲ್ಲಿ ಹೆಸರಿಗೆ 90 ಹಡಗು, ಸೇವೆಯಲ್ಲಿ ಇದ್ದದ್ದು 42. ಅದರಲ್ಲೂ ಎಷ್ಟೋ ದೂರದ ಸಮುದ್ರಗಳಲ್ಲಿದ್ದವು. ಸುಮ್ನೆ ಕಾಗದದ ಮೇಲೆ ದಿಗ್ಬಂಧನ ಅಂದರೆ ಬೇರೆ ದೇಶಗಳು ಒಪ್ಪುವಂತಿರಲಿಲ್ಲ. 1856ರ ಪ್ಯಾರಿಸ್ ಘೋಷಣೆಯ ಪ್ರಕಾರ ಬಂದರಿನ ಮುಂದೆ ನಿಜವಾಗಿ ಹಡಗು ನಿಂತಿರಬೇಕು. ಅಮೆರಿಕ ಆ ಘೋಷಣೆಗೆ ಸಹಿ ಹಾಕಿರಲಿಲ್ಲ, ಆದರೆ ಬ್ರಿಟನ್ ಮತ್ತು ಫ್ರಾನ್ಸ್ ಅದೇ ಅಳತೆಗೋಲು ಹಿಡಿದು ನೋಡುತ್ತಿದ್ದವು. ಹಾಗಾಗಿ ನೌಕಾ ಕಾರ್ಯದರ್ಶಿ ಗಿಡಿಯನ್ ವೆಲ್ಸ್ ಸಿಕ್ಕಸಿಕ್ಕ ಸರಕು ಹಡಗು, ಪ್ರಯಾಣಿಕರ ಸ್ಟೀಮರ್, ದೋಣಿ ದಾಟಿಸುವ ಫೆರಿ, ಎಲ್ಲವನ್ನೂ ಕೊಂಡುಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ ನೌಕಾಪಡೆಯಲ್ಲಿ 670ರಷ್ಟು ಹಡಗುಗಳಿದ್ದವು.

ಹ್ಯಾಟರಸ್ ಕೂಡ ಹಾಗೆ ಬಂದದ್ದೇ. ಅದರ ಮೊದಲ ಹೆಸರು ಸೇಂಟ್ ಮೇರೀಸ್. ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಹಾರ್ಲನ್ ಅಂಡ್ ಹಾಲಿಂಗ್ಸ್‌ವರ್ತ್ ಕಂಪನಿ ಅದನ್ನು ಕಟ್ಟಿತು, ಯುದ್ಧಕ್ಕಲ್ಲ, ವ್ಯಾಪಾರಕ್ಕೆ. 1861ರ ಸೆಪ್ಟೆಂಬರಿನಲ್ಲಿ ನೌಕಾಪಡೆ ಕೊಂಡಿತು. ಅಕ್ಟೋಬರಿನಲ್ಲಿ ತೋಪು ಹೊತ್ತು ಸೇವೆಗೆ ಇಳಿಯಿತು. ಒಂದು ತಿಂಗಳಲ್ಲಿ ಒಂದು ಸರಕು ಹಡಗನ್ನು ಯುದ್ಧನೌಕೆ ಮಾಡುವುದು ಅಂದರೆ ಏನು ಮಾಡಬಹುದು ಹೇಳಿ? ಡೆಕ್ ಗಟ್ಟಿ ಮಾಡಬಹುದು, 32 ಪೌಂಡರ್ (32 ಪೌಂಡ್ ತೂಕದ ಗುಂಡು ಹಾರಿಸುವ) ತೋಪು ನಾಲ್ಕು ಇಡಬಹುದು, ಮದ್ದಿನ ಕೋಣೆ ಮಾಡಬಹುದು. ಎಂಜಿನ್ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಅಸಲಿ ವಿಷಯ ಆ ಎಂಜಿನ್ನಲ್ಲೇ ಇದೆ. ಹ್ಯಾಟರಸ್‌ಗೆ ಎರಡೂ ಪಕ್ಕದಲ್ಲಿ ದೊಡ್ಡ ಗಾಲಿಗಳು. ಅವನ್ನು ತಿರುಗಿಸುವುದು ವಾಕಿಂಗ್ ಬೀಮ್ ಎಂಜಿನ್. ಅಂದರೆ ಕೆಳಗಿನ ಸಿಲಿಂಡರ್‌ನಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಆ ಚಲನೆ ಡೆಕ್ ಮೇಲೆ ಎತ್ತರದಲ್ಲಿರುವ ಒಂದು ದೊಡ್ಡ ತೊಲೆಗೆ ಹೋಗುತ್ತದೆ. ತೊಲೆ ಏತದ ಹಾಗೆ ಏರಿ ಇಳಿಯುತ್ತದೆ, ಅದರ ಇನ್ನೊಂದು ತುದಿ ಗಾಲಿಯ ಅಚ್ಚನ್ನು ತಿರುಗಿಸುತ್ತದೆ. ಆಳ ಕಮ್ಮಿ ಇರುವ ನೀರಿನಲ್ಲಿ ಓಡಾಡಲು, ರಿಪೇರಿಗೆ, ನಂಬಿಕೆಗೆ ಬಹಳ ಒಳ್ಳೆಯ ಎಂಜಿನ್ ಅದು. ಆದರೆ ಯುದ್ಧದಲ್ಲಿ? ತೊಲೆ ಬಯಲಲ್ಲಿ ನಿಂತಿರುತ್ತದೆ. ಸಿಲಿಂಡರ್‌ನ ಎಷ್ಟೋ ಭಾಗ ನೀರಿನ ಮಟ್ಟಕ್ಕಿಂತ ಮೇಲೆ. ಗಾಲಿಗಳು ಎರಡೂ ಕಡೆ ಗುರಿ ಹಲಗೆ ಇದ್ದಂತೆ. ಒಂದು ಗುಂಡು ಸರಿಯಾದ ಜಾಗಕ್ಕೆ ಬಿದ್ದರೆ ಮುಗಿಯಿತು.

ಅಲಬಾಮಾ ಇದಕ್ಕೆ ಉಲ್ಟಾ. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಲೇರ್ಡ್ ಕಂಪನಿಯವರು ಬೇಟೆಗಂತಲೇ ಕಟ್ಟಿದ ಹಡಗು. ಹಿಂದೆ ನೀರಿನೊಳಗೆ ಪ್ರೊಪೆಲ್ಲರ್, ಎಂಜಿನ್ ನೀರಿನ ಮಟ್ಟದ ಕೆಳಗೆ. ಹಾಯಿ ಬಿಚ್ಚಿ ಓಡುವಾಗ ಅಡ್ಡಿಯಾಗದಂತೆ ಪ್ರೊಪೆಲ್ಲರ್ ಮೇಲಕ್ಕೆ ಎತ್ತಿಡಬಹುದು. ಹಬೆ, ಹಾಯಿ ಎರಡೂ ಸೇರಿದರೆ 13 ನಾಟ್ ಹತ್ತಿರ ವೇಗ. ಹ್ಯಾಟರಸ್ 8 ನಾಟ್ ಹೋದರೆ ಅದೇ ದೊಡ್ಡದು.

ಕಬ್ಬಿಣ ಅಂದಿರಲ್ಲ, ಅದು ರಕ್ಷಾಕವಚ ಅಲ್ಲ. ಮಾನಿಟರ್‌ನಂಥ ಕವಚದ ಹಡಗುಗಳದ್ದು ಇಂಚುಗಟ್ಟಲೆ ದಪ್ಪ. ಹ್ಯಾಟರಸ್‌ನದ್ದು ಸರಕು ಹಡಗಿನ ತೆಳು ತಗಡು, ರಿವೆಟ್ ಹೊಡೆದು ಜೋಡಿಸಿದ್ದು. ದಪ್ಪ ಓಕ್ ಮರಕ್ಕೆ ಗುಂಡು ಬಿದ್ದರೆ ತೂತಾಗುತ್ತದೆ, ಮರ ಸ್ವಲ್ಪ ಕೂಡಿಕೊಳ್ಳುತ್ತದೆ, ಬಡಗಿ ಬಂದು ಬೆಣೆ ಹೊಡೆದು ಮುಚ್ಚಬಹುದು. ತೆಳು ತಗಡಿಗೆ ಬಿದ್ದರೆ ಹಾಳೆ ಹಾಳೆಯೇ ಕಿತ್ತು ಬರುತ್ತದೆ. ಬ್ಲೇಕ್ ತನ್ನ ವರದಿಯಲ್ಲಿ ಬರೆದದ್ದೂ ಅದನ್ನೇ: ಕಬ್ಬಿಣದ ಇಡೀ ತಗಡುಗಳೇ ಕಿತ್ತುಹೋಗಿ ನೀರು ನುಗ್ಗಿತು ಅಂತ. ಹಾಗಾಗಿ ಮರಕ್ಕೆ ಕಬ್ಬಿಣ ಸೋತಿತು ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

ಇತಿಹಾಸದ ಹುಳ

ಬಾಯ್ಲರ್ ಅವರು ಯಂತ್ರದ ಕಥೆ ಚೆನ್ನಾಗಿ ಹೇಳಿದ್ದಾರೆ. ಅದಕ್ಕಿಂತ ಮುಂಚೆ ಏನು ಮಾಡುತ್ತಿತ್ತು ಅಂತ ಕೇಳಿದ್ದಿರಿ, ಅದನ್ನು ನಾನು ಹೇಳುತ್ತೇನೆ. ಯಾಕೆಂದರೆ ಅದೇ ಈ ಹಡಗಿನ ಅಸಲಿ ಕಥೆ, ಕೊನೆಯ 13 ನಿಮಿಷ ಅಲ್ಲ.

ಮೊದಲ ಕಮಾಂಡರ್ ಜಾರ್ಜ್ ಎಫ್. ಎಮನ್ಸ್. ಸಾಮಾನ್ಯ ಮನುಷ್ಯ ಅಲ್ಲ. 1838ರಿಂದ 1842ರವರೆಗೆ ನಡೆದ ನೌಕಾಪಡೆಯ ಅಧಿಕಾರಿ ವಿಲ್ಕ್ಸ್ ಅವರ ಶೋಧಯಾತ್ರೆಯಲ್ಲಿ ಇದ್ದವರು, ಒರೆಗಾನ್‌ನಿಂದ ಕ್ಯಾಲಿಫೋರ್ನಿಯಾವರೆಗೆ ನೆಲದ ದಾರಿಯಲ್ಲಿ ತಂಡ ಕಟ್ಟಿಕೊಂಡು ಹೋದವರು. (ಆ ವಿಲ್ಕ್ಸ್ ಹೆಸರು ನೆನಪಿಟ್ಟುಕೊಳ್ಳಿ, ಕೆಳಗೆ ಬೇರೆ ಕಾರಣಕ್ಕೆ ಬರಬಹುದು.) 1861ರ ನವೆಂಬರ್ ಮಧ್ಯದಲ್ಲಿ ಹ್ಯಾಟರಸ್ ಫ್ಲಾರಿಡಾದ ಕೀ ವೆಸ್ಟ್ ತಲುಪಿತು. ಕೀ ವೆಸ್ಟ್ ದಕ್ಷಿಣದ ನೆಲದಲ್ಲಿದ್ದರೂ ಯುದ್ಧದುದ್ದಕ್ಕೂ ಉತ್ತರದವರ ಕೈಯಲ್ಲೇ ಉಳಿದ ಬಂದರು. ಕಲ್ಲಿದ್ದಲು ಅಲ್ಲಿ, ಹಿಡಿದ ಹಡಗುಗಳ ವಿಚಾರಣೆ ನಡೆಸುವ ಕೋರ್ಟೂ ಅಲ್ಲಿ.

ಮೊದಲು ಫ್ಲಾರಿಡಾದ ಅಪಲಾಚಿಕೋಲಾ ಬಂದರಿನ ಮುಂದೆ ಕಾವಲು. ಆಮೇಲೆ 1862ರ ಜನವರಿಯಲ್ಲಿ ಸೀಡರ್ ಕೀ ಮೇಲೆ ದಾಳಿ. ಈ ದಾಳಿ ಬಗ್ಗೆ ಜನ ಮಾತಾಡುವುದೇ ಇಲ್ಲ. ಫ್ಲಾರಿಡಾವನ್ನು ಅಡ್ಡಕ್ಕೆ ದಾಟುವ ರೈಲುದಾರಿ ಒಂದಿತ್ತು, ಅಟ್ಲಾಂಟಿಕ್ ಕಡೆಯ ಫರ್ನಾಂಡಿನಾದಿಂದ ಗಲ್ಫ್ ಕಡೆಯ ಸೀಡರ್ ಕೀಗೆ. ಯುದ್ಧಕ್ಕೆ ಸ್ವಲ್ಪ ಮುಂಚೆಯಷ್ಟೇ ಮುಗಿದದ್ದು. ಆ ದಾರಿಯ ಕೊನೆಗೆ ಹ್ಯಾಟರಸ್‌ನ ಜನ ಇಳಿದರು. ಕಮ್ಮಿ ಅಂದರೂ ಏಳು ಸಣ್ಣ ಹಾಯಿ ಹಡಗು ಸುಟ್ಟರು, ರೈಲ್ವೆ ಕಟ್ಟೆ ಸುಟ್ಟರು, ಕಟ್ಟಡಗಳಿಗೆ ಬೆಂಕಿ ಇಟ್ಟರು. ಅಲ್ಲಿದ್ದ 22 ಕಾವಲಿನವರಲ್ಲಿ 14 ಜನರನ್ನು ಹಿಡಿದರು. ದೊಡ್ಡ ತೋಪಿನ ಕಾಳಗ ಇಲ್ಲ, ಏನಿಲ್ಲ. ಆದರೆ ಒಂದು ಬಂದರಿನ ವ್ಯಾಪಾರ ಒಂದೇ ದಿನಕ್ಕೆ ನೆಲಕಚ್ಚಿತು. ದಿಗ್ಬಂಧನದ ಹಡಗಿಗೆ ಬೇಕಿದ್ದದ್ದು ಇದೇ ಅಲ್ವಾ?

ಆ ತಿಂಗಳ ಕೊನೆಗೆ ಲೂಯಿಸಿಯಾನಾ ಕಡೆಗೆ ಹೋಯಿತು. ಬರ್ವಿಕ್ ಹತ್ತಿರ ಸಿಎಸ್‌ಎಸ್ ಮೊಬೈಲ್ ಅನ್ನುವ ದಕ್ಷಿಣದ ತೋಪುದೋಣಿ ಜೊತೆ ಗುಂಡಿನ ಮಾತು ನಡೆಯಿತು, ಎರಡೂ ಕಡೆ ದೊಡ್ಡ ಹಾನಿ ಆಗಲಿಲ್ಲ. ಮುಂದೆ ತಿಂಗಳುಗಟ್ಟಲೆ ಅದೇ ಕರಾವಳಿಯಲ್ಲಿ ಕಾವಲು. ವರ್ಷ ತುಂಬುವುದರೊಳಗೆ ಏಳು ದಿಗ್ಬಂಧನ ಮುರಿಯುವ ಹಡಗು ಹಿಡಿಯಿತು. ಹತ್ತಿ, ಸಕ್ಕರೆ, ಇಂಥ ಸರಕು. ಅದರಲ್ಲಿ ಪೂಡಿ ಅನ್ನುವ ಒಂದು ಸಣ್ಣ ಹಾಯಿ ದೋಣಿ ಸಿಕ್ಕಿತು, 1862ರ ಮೇ ತಿಂಗಳಲ್ಲಿ. ಅದನ್ನು ಮಾರಲಿಲ್ಲ. ಹೆಸರು ಬದಲಾಯಿಸಿ "ಹ್ಯಾಟರಸ್ ಜೂನಿಯರ್" ಅಂತ ಮಾಡಿ ಅದನ್ನೇ ಕಾವಲಿಗೆ ಹಾಕಿದರು! ದೊಡ್ಡ ಹಡಗು ಹೋಗಲಾಗದ ಆಳ ಕಮ್ಮಿಯ ಕೊಲ್ಲಿಗಳಿಗೆ ಮರಿ ಹ್ಯಾಟರಸ್ ಹೋಗಬಹುದಿತ್ತು. ನನಗೆ ಈ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದು.

ಹಣದ ವಿಷಯವೂ ಹೇಳಬೇಕು. ಹಿಡಿದ ಹಡಗು ಮತ್ತು ಸರಕನ್ನು ಕೋರ್ಟ್ ಹರಾಜು ಹಾಕುತ್ತಿತ್ತು. ತಮಗಿಂತ ದುರ್ಬಲ ಹಡಗನ್ನು ಹಿಡಿದಿದ್ದರೆ ಖರ್ಚು ಕಳೆದು ಬಂದದ್ದರಲ್ಲಿ ಅರ್ಧ ಸರ್ಕಾರಕ್ಕೆ, ಅರ್ಧ ಹಿಡಿದವರಿಗೆ. ಸರ್ಕಾರದ ಆ ಅರ್ಧ ನಾವಿಕರ ಪಿಂಚಣಿ ನಿಧಿಗೆ ಹೋಗುತ್ತಿತ್ತು. ಹಿಡಿದವರ ಪಾಲು ಕ್ಯಾಪ್ಟನ್‌ನಿಂದ ಹಿಡಿದು ಕೆಳಗಿನ ಹುಡುಗನವರೆಗೆ ಹಂಚಿಕೆ. ಸಿಗ್ನಲ್ ಕಾಣುವ ದೂರದಲ್ಲಿ ಇನ್ನೊಂದು ಹಡಗು ಇದ್ದರೆ ಅದಕ್ಕೂ ಪಾಲು! ಅದಕ್ಕೇ ದೂರದಲ್ಲಿ ಒಂದು ಹಾಯಿ ಕಂಡರೆ ಎಲ್ಲರಿಗೂ ಕಾಲು ನಿಲ್ಲುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಬೇಜಾರು. ಒಂದೇ ಜಾಗದಲ್ಲಿ ಹೋಗು ಬಾ, ಬಾಯ್ಲರ್ ಆರಿಸುವಂತಿಲ್ಲ, ಹಳಸಿದ ಊಟ, ಸೆಕೆ, ಜ್ವರ.

ದಡದಲ್ಲಿ ಕೂತವ

ತುಂಬಾ ಧನ್ಯವಾದ ಇಬ್ಬರಿಗೂ. ಹ್ಯಾಟರಸ್ ಜೂನಿಯರ್ ಓದಿ ನಗು ಬಂತು. ಈಗ ಇನ್ನೊಂದು: ಹೀಗೆ ಸಣ್ಣ ದೋಣಿ ಹಿಡಿಯುತ್ತಿದ್ದ ಹಡಗು ಅಲಬಾಮಾ ಬಾಯಿಗೆ ಹೋಗಿ ಬಿದ್ದದ್ದು ಹೇಗೆ? ಗ್ಯಾಲ್ವೆಸ್ಟನ್ ಮುಂದೆ ಬೇರೆ ಹಡಗುಗಳೂ ಇದ್ದವಲ್ಲ?

ಕಡಲಹಕ್ಕಿ

ಇದಕ್ಕೆ ಹತ್ತು ದಿನ ಹಿಂದಿನಿಂದ ಶುರು ಮಾಡಬೇಕು.

ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರನ್ನು ಉತ್ತರದವರು 1862ರ ಅಕ್ಟೋಬರಿನಲ್ಲಿ ಹಿಡಿದಿದ್ದರು. 1863ರ ಜನವರಿ 1ರ ಬೆಳಗಿನ ಜಾವ ದಕ್ಷಿಣದ ಜನರಲ್ ಮಗ್ರೂಡರ್ ಅದನ್ನು ವಾಪಸ್ ಕಿತ್ತುಕೊಂಡ. ಹೇಗೆ ಗೊತ್ತಾ? ನದಿಯ ಸ್ಟೀಮರ್‌ಗಳ ಸುತ್ತ ಹತ್ತಿಯ ಅಂಡಿಗೆ ಪೇರಿಸಿ, ಅದರ ಹಿಂದೆ ಬಂದೂಕಿನವರನ್ನು ಕೂರಿಸಿ ನುಗ್ಗಿಸಿದ. ಹ್ಯಾರಿಯೆಟ್ ಲೇನ್ ಅನ್ನುವ ಉತ್ತರದ ಹಡಗು ಕೈತಪ್ಪಿತು. ವೆಸ್ಟ್‌ಫೀಲ್ಡ್ ಮರಳಿಗೆ ಸಿಕ್ಕಿಹಾಕಿಕೊಂಡಿತು, ಶತ್ರುವಿಗೆ ಸಿಗಬಾರದು ಅಂತ ತಾವೇ ಸ್ಫೋಟಿಸಲು ಹೋಗಿ ಮದ್ದು ಬೇಗ ಹತ್ತಿಕೊಂಡು ಕಮಾಂಡರ್ ರೆನ್‌ಶಾ ಸತ್ತ. ಉಳಿದ ಹಡಗುಗಳು ಬಂದರು ಬಿಟ್ಟು ಓಡಿದವು.

ಆ ಕಡಲಿನ ಉತ್ತರದ ಹಡಗುಗಳ ಮುಖ್ಯಸ್ಥ ಫರಾಗಟ್‌ಗೆ ಕೆಟ್ಟ ಕೋಪ ಬಂತು. ಕಮೊಡೋರ್ ಹೆನ್ರಿ ಬೆಲ್ ಅವರನ್ನು ಬ್ರೂಕ್ಲಿನ್ ಹಡಗಿನಲ್ಲಿ ಕಳಿಸಿದ, ದಿಗ್ಬಂಧನ ಮತ್ತೆ ಹಾಕಲು. ಆ ಗುಂಪಿಗೆ ಜನವರಿ 6ಕ್ಕೆ ಹ್ಯಾಟರಸ್ ಸೇರಿಕೊಂಡಿತು. ಆಗ ಕಮಾಂಡರ್ ಹೋಮರ್ ಬ್ಲೇಕ್. ಎಮನ್ಸ್ ಹೋಗಿ ಆತ ಬಂದು ಹೆಚ್ಚು ದಿನ ಆಗಿರಲಿಲ್ಲ, 1862ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡಿದ್ದ.

ಇತ್ತ ಅಲಬಾಮಾದ ಕ್ಯಾಪ್ಟನ್ ರಫೇಲ್ ಸೆಮ್ಸ್. ತಾನು ಹಿಡಿದ ಹಡಗುಗಳಲ್ಲಿ ಸಿಕ್ಕ ಪತ್ರಿಕೆ ಓದಿ ಆತನಿಗೆ ಗೊತ್ತಾಗಿತ್ತು, ಉತ್ತರದ ಜನರಲ್ ಬ್ಯಾಂಕ್ಸ್‌ನ ಸೈನ್ಯ ತುಂಬಿದ ಹಡಗುಗಳು ಟೆಕ್ಸಸ್‌ಗೆ ಬರಲಿವೆ ಅಂತ. ರಾತ್ರಿ ನುಗ್ಗಿ ಆ ಹಡಗುಗಳನ್ನು ಚೆಲ್ಲಾಪಿಲ್ಲಿ ಮಾಡುವುದು ಯೋಜನೆ. ಆದರೆ ಜನವರಿ 11ರಂದು ಹತ್ತಿರ ಬಂದಾಗ ಹಾಯಿಮರದ ಮೇಲಿನವ ಕೂಗಿದ್ದು: ಸೈನ್ಯ ಸಾಗಿಸುವ ಹಡಗು ಒಂದೂ ಇಲ್ಲ, ಐದು ಯುದ್ಧನೌಕೆ ಇವೆ. ಅಷ್ಟರಲ್ಲಿ ಊರಿನ ಮೇಲೆ ಒಂದು ಗುಂಡು ಸಿಡಿದದ್ದು ಕಂಡಿತು. ಉತ್ತರದವರು ಊರಿಗೆ ಗುಂಡು ಹಾಕುತ್ತಿದ್ದಾರೆ ಅಂದರೆ ಊರು ನಮ್ಮವರ ಕೈಯಲ್ಲಿದೆ ಅಂತ ಸೆಮ್ಸ್‌ಗೆ ಅರ್ಥವಾಯಿತು. ಐದರ ಜೊತೆ ಕಾದಾಡುವ ಹುಚ್ಚು ಆತನಿಗಿರಲಿಲ್ಲ. ಒಂದನ್ನು ಹೊರಗೆ ಎಳೆಯಬಹುದಾ ಅಂತ ಯೋಚಿಸುತ್ತಿದ್ದ. ಅಷ್ಟರಲ್ಲಿ ಬೆಲ್ ತಾನೇ ಒಂದನ್ನು ಕಳಿಸಿಕೊಟ್ಟ!

ಬೆಲ್ ದೃಷ್ಟಿಯಿಂದ ನೋಡಿ. ದೂರದಲ್ಲಿ ಯಾವುದೋ ಹಾಯಿ. ನೂರಕ್ಕೆ ತೊಂಬತ್ತು ಸಲ ಅದು ಒಬ್ಬ ಕಳ್ಳ ವ್ಯಾಪಾರಿ, ಇಲ್ಲ ಬೇರೆ ದೇಶದ ಹಡಗು. ಯಾವುದು ಅಂತ ನೋಡಿ ಬಾ ಅಂತ ಹ್ಯಾಟರಸ್‌ಗೆ ಹೇಳಿದ. ಮಧ್ಯಾಹ್ನ ಮೂರರ ಸುಮಾರಿಗೆ ಅದು ಹೊರಟಿತು. ಸೆಮ್ಸ್ ಹಾಯಿ ಬಿಚ್ಚಿಕೊಂಡು ನಿಧಾನವಾಗಿ ದೂರ ಸರಿಯುತ್ತಾ ಹೋದ. ತೀರಾ ವೇಗ ಹೋದರೆ ಬೆನ್ನಟ್ಟುವವ ಬಿಟ್ಟುಬಿಡುತ್ತಾನೆ, ತೀರಾ ನಿಧಾನ ಆದರೆ ಅನುಮಾನ. ಹೀಗೆ ಸುಮಾರು 20 ಮೈಲಿ ಎಳೆದುಕೊಂಡು ಹೋದ. ಕತ್ತಲಾಯಿತು. ಆಮೇಲೆ ಅಲಬಾಮಾ ನಿಂತಿತು, ತಿರುಗಿತು.

ಬ್ಲೇಕ್ ದಡ್ಡನಲ್ಲ. ಹತ್ತಿರ ಹೋಗುವ ಮುಂಚೆಯೇ ಇದು ಅಲಬಾಮಾ ಇರಬಹುದು ಅಂತ ಅನುಮಾನ ಬಂದಿತ್ತು, ತೋಪು ಸಿದ್ಧ ಮಾಡಿಸಿದ್ದ. "ಯಾವ ಹಡಗು?" ಅಂತ ಕೂಗಿ ಕೇಳಿದ. ಬ್ರಿಟಿಷ್ ರಾಣಿಯ ಹಡಗು ಅಂತ ಉತ್ತರ ಬಂತು. ಸರಿ, ಪರೀಕ್ಷೆಗೆ ದೋಣಿ ಕಳಿಸುತ್ತೇನೆ ಅಂದ ಬ್ಲೇಕ್. ದೋಣಿ ನೀರಿಗೆ ಇಳಿದು ಸ್ವಲ್ಪ ದೂರ ಹೋಗಿತ್ತು ಅಷ್ಟೇ. ಆ ಕಡೆಯಿಂದ "ನಾವು ಅಲಬಾಮಾ" ಅಂತ ಕೂಗು, ಅದರ ಬೆನ್ನಿಗೇ ಎಲ್ಲ ತೋಪೂ ಒಟ್ಟಿಗೆ ಸಿಡಿದವು.

ಬ್ಲೇಕ್ ಏನು ಮಾಡಿದ ಅನ್ನುವುದು ಮುಖ್ಯ. ಓಡಲಿಲ್ಲ. ಓಡಿದರೂ ಆಗುತ್ತಿರಲಿಲ್ಲ. ಹ್ಯಾಟರಸ್ ಮೇಲೆ ಅತಿ ದೊಡ್ಡ ಗುಂಡು 32 ಪೌಂಡಿನದು. ಅಲಬಾಮಾ ಮೇಲೆ 32 ಪೌಂಡರ್ ಆರು ಇದ್ದವು, ಅವಲ್ಲದೆ ಒಂದು 68 ಪೌಂಡರ್, ಇನ್ನೊಂದು 100 ಪೌಂಡ್ ಮೀರಿದ ಬ್ಲೇಕ್ಲಿ ತೋಪು. ದೂರ ನಿಂತು ಹೊಡೆದಾಡಿದರೆ ಸಾವು ಖಚಿತ. ಹಾಗಾಗಿ ನೇರವಾಗಿ ಅಲಬಾಮಾ ಕಡೆಗೇ ಹಡಗು ತಿರುಗಿಸಿದ, ಪಕ್ಕಕ್ಕೆ ತಾಗಿಸಿ ಜನರನ್ನು ಅದರೊಳಗೆ ಹಾರಿಸುವ ಪ್ರಯತ್ನ. ಎಷ್ಟು ಹತ್ತಿರ ಬಂದರು ಅಂದರೆ ಬಂದೂಕು, ಪಿಸ್ತೂಲು ಕೂಡ ಹಾರಿದವು. ಆದರೆ ಸೆಮ್ಸ್ ವೇಗದಲ್ಲಿ ಮುಂದೆ, ತಾಗುವಷ್ಟು ಹತ್ತಿರ ಬಿಡಲಿಲ್ಲ. ಒಂದು ಗುಂಡು ಸರಕಿನ ಕೋಣೆಗೆ ಬಿದ್ದು ಬೆಂಕಿ ಹತ್ತಿತು. ಇನ್ನೊಂದು ರೋಗಿಗಳ ಕೋಣೆಗೆ, ಅಲ್ಲೂ ಬೆಂಕಿ. ಮತ್ತೊಂದು ಸಿಲಿಂಡರ್ ಒಡೆಯಿತು. ಎಂಜಿನ್ ಕೋಣೆ, ಡೆಕ್ ಎಲ್ಲ ಬಿಸಿ ಹಬೆ. ಪಂಪ್ ನಿಂತಿತು, ಅಂದರೆ ಬೆಂಕಿ ಆರಿಸಲು ನೀರಿಲ್ಲ. ತೊಲೆಯೂ ಹೋಯಿತು. ಕೆಳಗಿನಿಂದ ನೀರು ಏರುತ್ತಿದೆ, ಮೇಲೆ ಬೆಂಕಿ. ಬ್ಲೇಕ್ ಮದ್ದಿನ ಕೋಣೆಗೆ ನೀರು ಬಿಡಿಸಿದ. ಆಮೇಲೆ ಶರಣಾಗತಿಯ ಗುರುತಾಗಿ ಪಕ್ಕದ ತೋಪು ಹಾರಿಸಿದ.

ಸತ್ತವರು ಇಬ್ಬರು. ಇಬ್ಬರೂ ಕೆಳಗೆ ಎಂಜಿನ್ ಹತ್ತಿರ ಬೆಂಕಿ ನೋಡಿಕೊಳ್ಳುವ ಫೈರ್‌ಮನ್‌ಗಳು. ಉಳಿದವರನ್ನೆಲ್ಲ ಅಲಬಾಮಾ ದೋಣಿಗಳು ಎತ್ತಿಕೊಂಡವು. ಕೊನೆಯವ ಇಳಿದ ಹತ್ತು ನಿಮಿಷಕ್ಕೆ ಹಡಗು ಮುಳುಗಿತು.

ಒಂದೇ ಅನುಮಾನ

ಬ್ರಿಟಿಷ್ ಹಡಗು ಅಂತ ಸುಳ್ಳು ಹೇಳಿ ಹೊಡೆದದ್ದು ಮೋಸ ಅಲ್ವಾ? ಇದಕ್ಕೆ ವೀರತನ ಅಂತ ಹೇಗೆ ಹೇಳುತ್ತಾರೆ? ಅಂದಹಾಗೆ ಸೆಮ್ಸ್ ಯಾವ ಹೆಸರು ಹೇಳಿದ? ಒಂದು ಕಡೆ ವಿಕ್ಸನ್ ಅಂತ ಓದಿದೆ, ಇನ್ನೊಂದು ಕಡೆ ಪೆಟ್ರೆಲ್ ಅಂತ.

ಇತಿಹಾಸದ ಹುಳ

ಎರಡೂ ಇದೆ. ಬ್ಲೇಕ್ ವರದಿಯಲ್ಲಿ ವಿಕ್ಸನ್, ಸೆಮ್ಸ್ ನೆನಪುಗಳಲ್ಲಿ ಪೆಟ್ರೆಲ್. ಕತ್ತಲು, ಗಾಳಿ, ಕೂಗಾಟ, ಗಾಲಿಯ ಸದ್ದು. ಇದರಲ್ಲಿ ಹೆಸರು ಸರಿಯಾಗಿ ಕೇಳಿಸದೇ ಇದ್ದರೆ ಆಶ್ಚರ್ಯ ಇಲ್ಲ.

ಮೋಸದ ವಿಷಯಕ್ಕೆ: ಆಗಿನ ನಿಯಮದಲ್ಲಿ ಬೇರೆಯವರ ಬಾವುಟ ಹಾರಿಸಿ ಹತ್ತಿರ ಹೋಗಬಹುದಿತ್ತು. ಆದರೆ ಮೊದಲ ಗುಂಡು ಹಾರಿಸುವ ಮುಂಚೆ ನಿಜವಾದ ಬಾವುಟ ತೋರಿಸಲೇಬೇಕು. ಸೆಮ್ಸ್ ವೃತ್ತಿಯಿಂದ ವಕೀಲನೂ ಆಗಿದ್ದವ, ಈ ಗೆರೆ ಎಲ್ಲಿದೆ ಅಂತ ಚೆನ್ನಾಗಿ ಗೊತ್ತು. ಗೆರೆಯ ಮೇಲೆ ಕಾಲಿಟ್ಟ, ದಾಟಲಿಲ್ಲ.

ಆದರೆ ಬ್ರಿಟಿಷ್ ಹೆಸರನ್ನೇ ಹೇಳಿದ್ದು ಯಾಕೆ ಅಂತ ನೋಡಿ. 1861ರ ನವೆಂಬರಿನಲ್ಲಿ ಉತ್ತರದ ಒಂದು ಯುದ್ಧನೌಕೆ ಟ್ರೆಂಟ್ ಅನ್ನುವ ಬ್ರಿಟಿಷ್ ಅಂಚೆ ಹಡಗನ್ನು ತಡೆದು ದಕ್ಷಿಣದ ಇಬ್ಬರು ರಾಯಭಾರಿಗಳನ್ನು ಎಳೆದುಕೊಂಡು ಹೋಗಿತ್ತು. ಬ್ರಿಟನ್ ಯುದ್ಧಕ್ಕೇ ಸಿದ್ಧವಾಗಿತ್ತು, ಕೊನೆಗೆ ಲಿಂಕನ್ ಸರ್ಕಾರ ಇಬ್ಬರನ್ನೂ ಬಿಟ್ಟುಕೊಟ್ಟಿತು. ಆ ಹಡಗಿನ ಕ್ಯಾಪ್ಟನ್ ಯಾರು? ಎಮನ್ಸ್ ಜೊತೆ ಶೋಧಯಾತ್ರೆ ಮಾಡಿದ ಅದೇ ಚಾರ್ಲ್ಸ್ ವಿಲ್ಕ್ಸ್. ಅದಾದ ಮೇಲೆ ಬ್ರಿಟಿಷ್ ಬಾವುಟ ಕಂಡರೆ ಉತ್ತರದ ಯಾವ ಕ್ಯಾಪ್ಟನ್ ತಾನೇ ಮೊದಲು ಗುಂಡು ಹಾರಿಸುತ್ತಾನೆ? ಅನುಮಾನ ಇದ್ದರೂ ಬ್ಲೇಕ್ ದೋಣಿ ಇಳಿಸಿ ಕಾಯಲೇಬೇಕಿತ್ತು. ಸೆಮ್ಸ್ ಆ ಕೆಲವು ನಿಮಿಷ ಗಳಿಸಿದ.

ಲಂಗರು

ಎಲ್ಲ ಸರಿ, ಆದರೆ ನನಗೆ ಬೆಲ್ ಮೇಲೆ ಸಿಟ್ಟಿದೆ. ಹತ್ತು ದಿನ ಹಿಂದೆ ಅದೇ ಬಂದರಿನಲ್ಲಿ ಅಷ್ಟು ದೊಡ್ಡ ಪೆಟ್ಟು ತಿಂದಿದ್ದಾರೆ. ಅಲಬಾಮಾ ಸಮುದ್ರದಲ್ಲಿ ತಿರುಗುತ್ತಿದೆ ಅಂತ ಇಡೀ ನೌಕಾಪಡೆಗೆ ಗೊತ್ತು. ಹಾಗಿದ್ದೂ ಸಂಜೆ ಆಗುವ ಹೊತ್ತಿಗೆ ಗುಂಪಿನ ದುರ್ಬಲ ಹಡಗನ್ನು ಒಂಟಿಯಾಗಿ 20 ಮೈಲಿ ಕಳಿಸುವುದಾ? ಬ್ರೂಕ್ಲಿನ್ ಮೇಲೆ 20ಕ್ಕಿಂತ ಜಾಸ್ತಿ ತೋಪಿತ್ತು. ಅದೇ ಹೋಗಬಹುದಿತ್ತಲ್ಲ.

ಕಡಲಹಕ್ಕಿ

ಲಂಗರು ಸರ್, ಬ್ರೂಕ್ಲಿನ್ ಹೋದರೆ ಗ್ಯಾಲ್ವೆಸ್ಟನ್ ಮುಂದೆ ಯಾರು? ಒಳಗೆ ಹ್ಯಾರಿಯೆಟ್ ಲೇನ್ ಈಗ ಶತ್ರುವಿನ ಕೈಯಲ್ಲಿದೆ, ದೊಡ್ಡ ಹಡಗು ಜಾಗ ಬಿಟ್ಟರೆ ಅದು ಹೊರಗೆ ನುಗ್ಗಬಹುದು ಅಂತ ಭಯ ಇರುತ್ತದೆ. ಅಪರಿಚಿತ ಹಾಯಿ ನೋಡಿ ಬರುವುದು ದಿನದ ಕೆಲಸ. ಪ್ರತಿ ಸಲ ಇಬ್ಬರನ್ನು ಕಳಿಸಿದರೆ ಬಂದರು ಖಾಲಿ. ಎರಡನೇ ಹಡಗು ಅರ್ಧ ದಾರಿಯಲ್ಲಿ ನಿಂತು ಸಿಗ್ನಲ್ ದಾಟಿಸಬಹುದಿತ್ತು ಅನ್ನುವುದನ್ನು ಒಪ್ಪುತ್ತೇನೆ.

ಬೆಲ್ ಸುಮ್ನೆ ಕೂರಲೂ ಇಲ್ಲ. ತೋಪಿನ ಸದ್ದು, ಮಿಂಚು ಗೊತ್ತಾದ ತಕ್ಷಣ ಬ್ರೂಕ್ಲಿನ್ ಮತ್ತು ಇನ್ನೆರಡು ಹಡಗು ಹೊರಟವು. ರಾತ್ರಿ ಏನೂ ಸಿಗಲಿಲ್ಲ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಎರಡು ಹಾಯಿಮರದ ತುದಿ, ಒಂದರ ಮೇಲೆ ನೌಕಾಪಡೆಯ ಪತಾಕೆ ಇನ್ನೂ ಹಾರುತ್ತಿದೆ. ಆಳ ಒಂಬತ್ತೂವರೆ ಫ್ಯಾದಮ್, ಅಂದರೆ ಸುಮಾರು 57 ಅಡಿ. ಆ ಪರೀಕ್ಷೆಗೆ ಇಳಿಸಿದ್ದ ದೋಣಿ ಇತ್ತಲ್ಲ, ಅದರಲ್ಲಿ ಒಬ್ಬ ಅಧಿಕಾರಿ, ಐದು ಜನ ನಾವಿಕರು. ಅವರು ಗಲಾಟೆಯಲ್ಲಿ ತಪ್ಪಿಸಿಕೊಂಡು ಕತ್ತಲಲ್ಲಿ ಹುಟ್ಟು ಹಾಕುತ್ತಾ ತಮ್ಮ ಗುಂಪಿನ ಕಡೆ ಬಂದರು. ಏನಾಯಿತು ಅಂತ ಬೆಲ್‌ಗೆ ಗೊತ್ತಾದದ್ದು ಅವರಿಂದಲೇ.

ಸೆಮ್ಸ್ ಅಷ್ಟರಲ್ಲಿ ದೀಪ ಆರಿಸಿಕೊಂಡು ಪರಾರಿ. ತನ್ನ ಜನ ಅಲ್ಲದೆ ನೂರಕ್ಕೂ ಜಾಸ್ತಿ ಕೈದಿಗಳು, ಕಾಲಿಡಲು ಜಾಗವಿಲ್ಲ. ನೇರ ಜಮೈಕಾದ ಪೋರ್ಟ್ ರಾಯಲ್‌ಗೆ ಹೋಗಿ ಇಳಿಸಿದ. ಬ್ಲೇಕ್ ಊರಿಗೆ ಬಂದ ಮೇಲೆ ವಿಚಾರಣೆ ನಡೆಯಿತು, ಆತನ ತಪ್ಪಿಲ್ಲ ಅಂತ ತೀರ್ಮಾನ ಆಯಿತು. ಮುಂದೆ ಯುಟಾ ಅನ್ನುವ ಹಡಗಿನ ಕಮಾಂಡರ್ ಆದ.

ದಡದಲ್ಲಿ ಕೂತವ

ಈಗ ಚಿತ್ರ ಸ್ಪಷ್ಟ ಆಯಿತು. ಒಂದು ಕೊನೆಯ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ: ಆ ಹಡಗು ಈಗಲೂ ಅಲ್ಲೇ ಇದೆಯಾ? ಯಾರಾದರೂ ಮೇಲೆತ್ತಿದ್ದಾರಾ? ಇಷ್ಟು ಮಾಡಿದ ಅಲಬಾಮಾ ಏನಾಯಿತು?

ಹಬೆ ಬಾಯ್ಲರ್

ಅಲಬಾಮಾ ಕಥೆ ಚಿಕ್ಕದಾಗಿ ಹೇಳುತ್ತೇನೆ: ಅದು 1864ರ ಜೂನ್ 19ರಂದು ಫ್ರಾನ್ಸಿನ ಶೆರ್ಬೂರ್ಗ್ ಮುಂದೆ ಯುಎಸ್‌ಎಸ್ ಕಿಯರ್‌ಸಾರ್ಜ್ ಕೈಯಲ್ಲಿ ಮುಳುಗಿತು. 60ಕ್ಕಿಂತ ಜಾಸ್ತಿ ವ್ಯಾಪಾರಿ ಹಡಗು ಹಿಡಿದಿದ್ದರೂ ಅದು ಮುಳುಗಿಸಿದ ಯುದ್ಧನೌಕೆ ಹ್ಯಾಟರಸ್ ಒಂದೇ. ಇಂಥ ಹಡಗುಗಳನ್ನು ಕಟ್ಟಲು ಬಿಟ್ಟದ್ದಕ್ಕೆ ಬ್ರಿಟನ್ 1872ರ ಜಿನೀವಾ ತೀರ್ಪಿನಂತೆ ಅಮೆರಿಕಕ್ಕೆ 1.55 ಕೋಟಿ ಡಾಲರ್ ಕೊಡಬೇಕಾಯಿತು.

ಹ್ಯಾಟರಸ್ ಅಲ್ಲೇ ಇದೆ, ಗ್ಯಾಲ್ವೆಸ್ಟನ್‌ನಿಂದ ಸುಮಾರು 20 ಮೈಲಿ ಆಚೆ. ಯಾರೂ ಎತ್ತಿಲ್ಲ. ಜಾಗ ಗೊತ್ತಾದದ್ದು 1970ರ ದಶಕದಲ್ಲಿ. ಕೆಲವರು ಸೇರಿ ಅದರ ಮೇಲೆ ಹಕ್ಕು ಕೇಳಿ ಕೋರ್ಟಿಗೂ ಹೋದರು. ನೌಕಾಪಡೆ ಇದನ್ನು ಬಿಟ್ಟುಕೊಟ್ಟಿಲ್ಲ, ಮುಳುಗಿದರೂ ಹಡಗು ಸರ್ಕಾರದ್ದೇ ಅನ್ನುವ ವಾದ ಗೆದ್ದಿತು. ಹೆಚ್ಚಿನ ಭಾಗ ಮರಳಿನ ಅಡಿಯಲ್ಲಿದೆ. 2008ರ ಐಕ್ ಚಂಡಮಾರುತದ ಆಸುಪಾಸಿನಲ್ಲಿ ಮರಳು ಸರಿದು ಮುಂಚೆ ಕಾಣದ ಭಾಗ ಮೇಲೆ ಬಂತು. ಮತ್ತೆ ಮುಚ್ಚಿಹೋಗುವ ಮುಂಚೆ ದಾಖಲೆ ಮಾಡಬೇಕು ಅಂತ 2012ರಲ್ಲಿ ಸಮುದ್ರ ಮತ್ತು ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ಮತ್ತು ಅದರ ಜೊತೆಯವರು ಸೋನಾರ್ ಹಿಡಿದು ಮುಳುಗಿದರು. ಅಲ್ಲಿ ನೀರು ಕದಡಿರುತ್ತದೆ, ಕ್ಯಾಮೆರಾ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಸದ್ದಿನ ಅಲೆಯಿಂದ ಮೂರು ಆಯಾಮದ ಚಿತ್ರ ಮಾಡಿದರು. ಹಿಂಭಾಗ, ಚುಕ್ಕಾಣಿ, ಪಕ್ಕದ ಗಾಲಿಯ ಉಳಿಕೆ ಅದರಲ್ಲಿ ಕಾಣುತ್ತವೆ. ಆ ಚಿತ್ರಗಳನ್ನು ಹುಡುಕಿ ನೋಡಿ, ಗಾಲಿ ಎಷ್ಟು ದೊಡ್ಡದಿತ್ತು ಅಂತ ಗೊತ್ತಾಗುತ್ತದೆ. ಅಂಥ ಗುರಿ ಕತ್ತಲಲ್ಲೂ ತಪ್ಪುವುದು ಕಷ್ಟ.